ನನ್ನ ಮಗಳ ಮದುವೆ ನಿಶ್ಚಯಿಸಿದ ವಿಭಾಗ ಮುಖ್ಯಸ್ಥರಿಗೆ

ಮಾನ್ಯ ಮುಖ್ಯಸ್ಥರೇ,

ನನ್ನ ಮಗಳ ಮದುವೆ ನಿಶ್ಚಯವಾಗಿರುವ ಸುದ್ದಿ ನನಗೆ ತಲುಪಿದ್ದು ನೆದರ್ಲೆಂಡ್ಸ್‌ನಿಂದ. ನಿಶ್ಚಯಿಸಿದವರು ತಾವು. ಹೆತ್ತವಳಿಗೆ ಒಂದು ಮಾತು ತಿಳಿಸಬೇಕೆಂದು ತಮಗೆ ಅನ್ನಿಸಲಿಲ್ಲ, ದೊಡ್ಡವರಿಗೆ ಪುರುಸೊತ್ತೆಲ್ಲಿ!

ಇದು ಬಹಿರಂಗ ಪತ್ರ, ಓದುಗರಿಗೂ ವಿಷಯ ಗೊತ್ತಾಗಲಿ. ನಾನು ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಮಗಳು ನೂರೀನ ತಮ್ಮ ವಿಭಾಗದಲ್ಲೇ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು. ಹೊಂಬಳದ ಹೊಲಗಳಲ್ಲಿ ಶೇಂಗಾದ ಬೇರು ಕೊಳೆಯಿಸುವ ಶಿಲೀಂಧ್ರದ ಬಗ್ಗೆ ಪ್ರಬಂಧ ಬರೆದಳು. ಅಂಥದೇ ಸಂಶೋಧನೆಗೆ ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯವೊಂದು ಜಾಹೀರಾತು ಕೊಟ್ಟಿತ್ತು. ಅಲ್ಲಿ ಪಿಎಚ್.ಡಿ. ಎಂದರೆ ನೌಕರಿಯೇ, ನಾಲ್ಕು ವರ್ಷ ಸಂಬಳ ಕೊಟ್ಟು ಸಂಶೋಧನೆ ಮಾಡಿಸುತ್ತಾರೆ. ಅವಳು ಅರ್ಜಿ ಹಾಕಿ, ಶಿಫಾರಸು ಕೇಳಲು ಬಂದಾಗ ತಾವು ನಕ್ಕಿರಿ.

"ಪಗಾರ ಕೊಟ್ಟು ಪಿಎಚ್.ಡಿ. ಮಾಡಸ್ತಾರಾ? ಯಾರೋ ಟೊಪಗಿ ಹಾಕ್ಯಾರ ನಿನಗ. ಇರಲಿ, ಅವರು ಕೇಳಿದ್ರ ಬರೀತೀನಿ."

ಬರೆದಿರಿ. ಕಂಪ್ಯೂಟರಿನಲ್ಲಿ ಸಂದರ್ಶನ ನಡೆಸಿದ ಅಲ್ಲಿನ ಪ್ರಾಧ್ಯಾಪಕಿ, ಶಿಲೀಂಧ್ರದ ಬಗ್ಗೆ ಬಹಳಷ್ಟು ಕೇಳಿದ ಮೇಲೆ, "ನಿಮ್ಮ ಮದುವೆ ನಿಶ್ಚಯವಾಗಿದೆ, ಮನೆಯವರು ಕಳುಹಿಸುವುದಿಲ್ಲ ಎಂದು ನಿಮ್ಮ ಮುಖ್ಯಸ್ಥರು ಬರೆದಿದ್ದಾರಲ್ಲ?" ಎಂದರು. ಹಾಗೇನಿಲ್ಲ ಎಂದಳು ನೂರೀನ. ಆದರೆ ಆ ಗಾಬರಿಯಲ್ಲಿ ಮುಂದಿನ ಪ್ರಶ್ನೆಗಳಿಗೆ ತಪ್ಪುತಪ್ಪಾಗಿ ಉತ್ತರಿಸಿದಳು. ಕೋಣೆಯಿಂದ ಬಂದು ನನ್ನನ್ನು ಕೇಳಿದಳು: "ಅಮ್ಮಿ, ನನ್ನ ಮದುವಿ ಯಾರ ಜೋಡಿ ಐತಿ?"

ಆ ಸ್ಥಾನ ಬೇರೊಬ್ಬರಿಗೆ ಹೋಯಿತು. ತಮ್ಮಲ್ಲಿಗೆ ಬಂದು ಕೇಳಿದೆ.

"ಅಕಿ ಒಳ್ಳೇದಕ್ಕ ಬರದೀನ್ರೀ. ನಿಮ್ಮ ಮಂದಿಯೊಳಗ ಹುಡಿಗ್ಯಾರನ್ನ ಅಷ್ಟ ದೂರ ಕಳಸ್ತಾರೇನು?"

"ನಾನೂ ಆ ಮಂದೀನ ಅದೀನ್ರಿ. ನನ್ನ ಕೇಳಿದ್ರ ಹೇಳತಿದ್ದೆ."

ತಾವು ಗಂಟೆ ಒತ್ತಿ ಚಹಾ ತರಿಸಿದಿರಿ. ಒಂದೇ ಕಪ್ಪು.

ಪುರಾವೆಯಿಲ್ಲದೆ ಒಂದು ಹುಲ್ಲಿನ ಹೆಸರನ್ನೂ ಬರೆಯಬಾರದೆಂದು ತರಗತಿಯಲ್ಲಿ ಹೇಳುವವರು ತಾವೇ ಅಲ್ಲವೇ? ಹಾಗಾದರೆ ನನ್ನ ಮನಸ್ಸನ್ನು ಯಾವ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಿರಿ? ಅಥವಾ ನಮ್ಮ ಹೆಸರೊಂದನ್ನು ಓದಿದರೆ ಸಾಕು, ಮನೆಯೊಳಗಿನದೆಲ್ಲ ಕಾಣಿಸುವ ದಿವ್ಯವಿದ್ಯೆ ತಮ್ಮದೇ? ಇಂಥ ಸೋಮಾರಿತನಕ್ಕೆ ಕಾಳಜಿ ಎಂಬ ಹೆಸರಿಟ್ಟುಕೊಂಡು ನೆಮ್ಮದಿಯಾಗಿರುವ ತಮ್ಮ ಪಾಂಡಿತ್ಯಕ್ಕೆ ಏನೆನ್ನಲಿ?

ಕೆಲವು ದಿನ ನೂರೀನ ಕಂಪ್ಯೂಟರ್ ಮುಟ್ಟಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಆಮೇಲೆ ತಮ್ಮ ಹೆಸರು ತೆಗೆದುಹಾಕಿ ಬೇರೆಡೆ ಅರ್ಜಿ ಹಾಕಿದಳು. ನಿವೃತ್ತ ಅಧ್ಯಾಪಕ ಕೊಟ್ರಪ್ಪನವರು ಪ್ರಬಂಧವನ್ನು ಪೂರ್ತಿ ಓದಿ ಶಿಫಾರಸು ಬರೆದರು. ಪ್ರಬಂಧದಲ್ಲಿ ಅವಳು ಎಡವಿದ ಒಂದು ಕಡೆಯನ್ನೂ ಮುಚ್ಚಿಡಲಿಲ್ಲ. ಬರುವ ತಿಂಗಳು ಅವಳು ಡೆನ್ಮಾರ್ಕಿಗೆ ಹೊರಡುತ್ತಾಳೆ.

ಆದ್ದರಿಂದ ಈ ಪತ್ರ ಅವಳಿಗಾಗಿ ಅಲ್ಲ. ಯಳವತ್ತಿಯ ಸುನಿತಾ ಎಂಬ ವಿದ್ಯಾರ್ಥಿನಿ ಇದೀಗ ತಮ್ಮ ಶಿಫಾರಸು ಕೇಳಿದ್ದಾಳೆ. ಅವಳ ಕೆಲಸವನ್ನು ಓದಿ ಬರೆಯಿರಿ. ಆಗದಿದ್ದರೆ "ಬರೆಯುವುದಿಲ್ಲ" ಎಂದು ಅವಳ ಮುಖ ನೋಡಿ ಹೇಳಿ. ಅಷ್ಟು ಧೈರ್ಯವನ್ನಾದರೂ ತಮ್ಮ ಹುದ್ದೆಯಿಂದ ನಿರೀಕ್ಷಿಸಬಹುದೇ?

ಇಂತಿ,
ತಮ್ಮಂಥವರ ಕೈಗೆ ವರ್ಷವರ್ಷವೂ ಜಾಣ ಮಕ್ಕಳನ್ನು ತಯಾರು ಮಾಡಿ ಕಳಿಸಿಕೊಡುವ ಪಾಪಿ ಶಿಕ್ಷಕಿ,
ನಜಮಾ, ಬೆಟಗೇರಿ