ಮುಂಚೆ ತಿರುವಿದ ಪುಟ

ವನದುರ್ಗ, ಗುರುವಾರ

ಫರ್ಹತ ಅಕ್ಕೋರಿಗೆ,

ಶಿವಲೀಲಾಳ ನಮಸ್ಕಾರಗಳು. ಯಾವ ಶಿವಲೀಲಾ ಎಂದು ನೀವು ನೆನಪಿಸಿಕೊಳ್ಳಬೇಕಾದೀತು. ಕಳೆದ ತಿಂಗಳು, ನಾನು ಓದಿ ಮುಗಿಸಿದ ಯಾದಗಿರಿಯ ನಮ್ಮ ಹಾಸ್ಟೆಲ್ ಶಾಲೆಯ ಸಭಾಂಗಣದಲ್ಲಿ ನೀವು ಪಿಯಾನೊ ನುಡಿಸಿದಾಗ ನಿಮ್ಮ ಎಡಕ್ಕೆ ಸ್ಟೂಲಿನ ಮೇಲೆ ಕುಳಿತು ಪುಟ ತಿರುವಿದವಳು ನಾನು.

ಈ ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಡಿಗ್ರಿ ಮೊದಲ ವರ್ಷಕ್ಕೆ ಸೇರಿದ ಮೇಲೆ, ದೊಡ್ಡವರಿಗೆ ಬರೆಯುವುದಾದರೆ ಇಂಗ್ಲಿಷೇ ಬೇಕು ಅನ್ನೋ ಒಂದು ಭಯ ಹಿಡಿದಿದೆ ನನಗೆ. ‘ಐ ಆಮ್ ವೆರಿ ಸಾರಿ’ ಎಂದು ಬರೆದು ನಿಂತೆ. ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗ ಹೇಳುವ ಸಾರಿಯ ಹಾಗೆ ಕಂಡಿತು. ಹರಿದು ಹಾಕಿದೆ.

ಹೋದ ವಾರ ವಾರ್ಡನ್ ಸುಗಲಮ್ಮನವರು ಫೋನ್ ಮಾಡಿದ್ದರು. “ಕೇಳಿದೇನ ಶಿವಲೀಲಾ, ಸಮಿತಿಯವರು ನಮ್ಮ ಫರ್ಹತನ ಕೈಯಾಗಿಂದ ವಾದ್ಯದ ತಂಡ ತಗಿಯಾಕತ್ತಾರಂತ. ಇನ್ನ ಮ್ಯಾಲ ಆಕಿ ಬರೇ ಪಿಯಾನೊ ಬಾರಿಸ್ಬೇಕಂತ, ನಡಸಾಕ ಬ್ಯಾರೆ ಯಾರನೋ ತರ್ತಾರಂತ. ಅವತ್ತ ನಮ್ಮ ಸಾಲ್ಯಾಗ ಬಾರಿಸೋದು ನಡುವ ನಿಂತಿತಲ್ಲ, ಅದನ್ನ ಹಿಡ್ಕೊಂಡು ಕುಂತಾರ. ಪಾಪ, ವಯಸ್ಸಾತು ಆಕಿಗೂ. ನೆದರ ತಪ್ಪಿರಬೇಕು.”

ನಿಮ್ಮ ನೆದರು, ನಿಮ್ಮ ಕಣ್ಣು, ತಪ್ಪಿರಲಿಲ್ಲ ಅಕ್ಕೋರೆ. ತಪ್ಪಿದ್ದು ನನ್ನದು. ಅದು ನಿಮಗೂ ಗೊತ್ತು. ಆದರೆ ನಿಮಗೆ ಗೊತ್ತಿಲ್ಲದ್ದೂ ಒಂದಿದೆ, ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರ್ಯಕ್ರಮದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ತಾಲೀಮಿಗೆ ಬಂದಿರಿ. ಕಾಗದ ಹಾರುತ್ತವೆಂದು ಫ್ಯಾನ್‌ಗಳನ್ನೆಲ್ಲ ನಿಲ್ಲಿಸಿದ್ದರು. ಹೈದರಾಬಾದಿನಿಂದ ಬಂದ ನಿಮ್ಮ ಹದಿನಾಲ್ಕು ಜನ ಬೆವರು ಒರೆಸಿಕೊಳ್ಳುತ್ತ ಪಿಟೀಲು ಶ್ರುತಿ ಮಾಡಿಕೊಳ್ಳುತ್ತಿದ್ದರು. “ಹಾಳಿ ಹೊಳ್ಳಸಾಕ ಯಾರ ಬರ್ತೀರಿ?” ಎಂದು ನೀವು ಕೇಳಿದಾಗ, ಕಾರ್ಯಕ್ರಮಕ್ಕೆಂದು ಕಾಲೇಜಿನಿಂದ ಬಂದಿದ್ದ ನನ್ನನ್ನು ಎಲ್ಲರೂ ಮುಂದೆ ತಳ್ಳಿದರು. ಆರು ವರ್ಷ ಪ್ರಾರ್ಥನೆಯ ಪಿಯಾನೊಗೆ ಪುಟ ತಿರುವಿದವಳು ನಾನೇ. ನೀವು ನನ್ನೆದುರು ದಪ್ಪ ಪುಸ್ತಕ ಬಿಚ್ಚಿದಿರಿ. ಪಿಯಾನೊದ ಎರಡು ಸಾಲಷ್ಟೇ ಅಲ್ಲ, ಎಲ್ಲ ವಾದ್ಯಗಳ ಸಾಲೂ ಒಂದರ ಕೆಳಗೊಂದು. “ಇದೆಲ್ಲಾ ಓದಾಕ ಬರ್ತದೇನ ನಿನಗ?” ಎಂದಿರಿ.

“ಬರ್ತದ್ರಿ ಅಕ್ಕೋರೆ” ಎಂದೆ.

ಬರುತ್ತಿರಲಿಲ್ಲ. ಎರಡು ಸಾಲು ಬರುತ್ತಿತ್ತು. ಉಳಿದವುಗಳ ಮೇಲೆ ಕಣ್ಣು ಇಟ್ಟರೆ ಇರುವೆ ಹರಿದಾಡಿದಂತೆ ಕಾಣುತ್ತಿತ್ತು. ಕಾಲೇಜಿನಲ್ಲಿಯೂ ನಾನು ಹೀಗೆಯೇ. ಪಾಠ ತಿಳಿಯಿತಾ ಎಂದು ಕೇಳಿದರೆ ಎಸ್ ಸರ್ ಎನ್ನುತ್ತೇನೆ, ಆಮೇಲೆ ರೂಮಿಗೆ ಬಂದು ಅಳುತ್ತೇನೆ. ಓದಲು ಬಾರದೆಯೂ ಬರುತ್ತದೆ ಎಂದದ್ದೇ ನಿಮಗೆ ಗೊತ್ತಿಲ್ಲದ ಆ ವಿಷಯ. ಆವತ್ತು ‘ಇಲ್ಲರಿ’ ಎಂದಿದ್ದರೆ ನಿಮ್ಮ ತಂಡದವರೇ ಯಾರಾದರೂ ಬಂದು ಕೂರುತ್ತಿದ್ದರು.

ನೀವು ಬಿಡಿಸಿ ಹೇಳಿದ್ದಿರಿ ಕೂಡ. “ನನ್ನ ತಲಿ ನೋಡಬ್ಯಾಡ. ತಲಿ ಅಲ್ಲಾಡಿಸೋದು ಅವರಿಗೆ. ನೀ ಹಾಳಿ ನೋಡು. ತಲಿ ನೋಡಿ ಹೊಳ್ಳಿಸಿದೆಂದ್ರ ಇಬ್ಬರೂ ಕೆಡತೇವಿ.”

ಆ ಸಂಜೆ ಮೆಟ್ಟಿಲ ಮೇಲೆ ಹಾಸ್ಟೆಲಿನ ಹುಡುಗಿಯರ ನಡುವೆ ಕೂತು ಮಿರ್ಚಿ ಭಜಿ ತಿಂದಿರಿ, ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ ಒರೆಸಿಕೊಂಡಿರಿ. ಸುರಪುರದ ರಂಗಂಪೇಟೆಯಿಂದ ಒಂಬತ್ತನೇ ವಯಸ್ಸಿಗೆ ಇದೇ ಹಾಸ್ಟೆಲಿಗೆ ಬಂದದ್ದು, ಇಲ್ಲಿಂದ ಚೆನ್ನೈ, ಚೆನ್ನೈಯಿಂದ ಜರ್ಮನಿ, ಎಲ್ಲ ಹೇಳಿದಿರಿ. ಕೂತರೆ ನುಡಿಸು, ನಿಂತರೆ ನಡೆಸು, ಎರಡರಲ್ಲಿ ಒಂದು ಆರಿಸಿಕೋ ಎಂದು ಅಲ್ಲಿಯ ಗುರುಗಳು ಹೇಳಿದ್ದರಂತೆ. “ಹನ್ನೊಂದು ವರ್ಷ ಬ್ಯಾರೆಯವರ ಕೈ ನೋಡಿ ಬಾರಿಸಿದೆ. ಚಪ್ಪಾಳೆನೂ ಬಿತ್ತು. ಆದ್ರ ನನ್ನ ಕಿವ್ಯಾಗ ಏನಿತ್ತೋ ಅದು ಹೊರಗ ಬರಲಿಲ್ಲ ನೋಡ್ರಿ” ಎಂದಿರಿ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಪಿಯಾನೊದ ಮುಂದೆ ಕೂತೇ ತಂಡ ನಡೆಸಿದಿರಿ. ಎರಡೂ ಕೈಗೆ ಕೆಲಸವಿದ್ದಾಗ ಗದ್ದದಿಂದ, ಹುಬ್ಬಿನಿಂದ, ಎಳೆದುಕೊಂಡ ಉಸಿರಿನಿಂದ. ಹುಡುಗಿಯರು ಬಾಯಿ ತೆರೆದು ಕೇಳುತ್ತಿದ್ದರು. ನಾನು ಮಾತ್ರ ನನ್ನ ಭಜಿಯನ್ನು ಪಕ್ಕದ ಹುಡುಗಿಗೆ ಕೊಟ್ಟೆ.

ಭಾನುವಾರ ಐದು ಗಂಟೆಗೆ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ನಿಮ್ಮ ಅಣ್ಣ ಶರೀಫಸಾಬರು, ಸುರಪುರದ ತಮ್ಮ ಹೊಲಿಗೆ ಅಂಗಡಿ ಮುಚ್ಚಿ ಬಂದವರು, ನಿಮ್ಮನ್ನು ಮೊದಲ ಸಲ ಕೇಳಲಿಕ್ಕೆ ಕೂತಿದ್ದರು. ಮೊದಲ ಭಾಗ ಹೇಗೋ ದಾಟಿತು. ನಿಧಾನದ ಭಾಗದಲ್ಲಿ ಪಿಯಾನೊ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಉಳಿದವರು ನುಡಿಸುತ್ತಾರೆ. ನನಗೆ ಓದಲು ಬರುವ ಎರಡು ಸಾಲೂ ಖಾಲಿ. ಎಲ್ಲಿದ್ದೇವೆ ಅನ್ನೋದೇ ತಪ್ಪಿಹೋಯಿತು. ನಾನು ಕಾಗದ ಬಿಟ್ಟು ನಿಮ್ಮ ಮುಖ ನೋಡಿದೆ. ಅದೇ ಹೊತ್ತಿಗೆ ನೀವು ಬಲಗಡೆಯ ದೊಡ್ಡ ಪಿಟೀಲಿನವರಿಗೆ ತಲೆಯಾಡಿಸಿದಿರಿ. ಪ್ರಾರ್ಥನೆಯಲ್ಲಿ ಆರು ವರ್ಷ, ತಲೆಯಾಡಿತೆಂದರೆ ಪುಟ ತಿರುವು ಎಂದರ್ಥ. ಕೈ ತಾನೇ ಎದ್ದಿತು.

ಆ ಪುಟದಲ್ಲಿ ನುಡಿಸಬೇಕಾದ ನಾಲ್ಕು ಆವರ್ತ ಇನ್ನೂ ಬಾಕಿ ಇದ್ದವು. ಹಿಂದಕ್ಕೆ ತಿರುಗಿಸಹೋದೆ, ಬೆವರಿಗೆ ಎರಡು ಹಾಳೆ ಅಂಟಿಕೊಂಡು ಬಂದವು. ಪಿಯಾನೊದ ಸರದಿ ಬಂತು, ನೀವು ನೆನಪಿನಿಂದ ನುಡಿಸಲು ಹಿಡಿದಿರಿ, ಆದರೆ ಪಿಟೀಲಿನವರಿಗೆ ಯಾವಾಗ ಬಾ ಎನ್ನಬೇಕೋ ಅದು ಕಣ್ಣೆದುರು ಇರಲಿಲ್ಲ. ಅರ್ಧ ಜನ ಬಂದರು, ಅರ್ಧ ಜನ ಬರಲಿಲ್ಲ. ನೀವು ಎರಡೂ ಕೈ ಎತ್ತಿ ನಿಲ್ಲಿಸಿದಿರಿ. ಮುಗಿಯಿತೆಂದುಕೊಂಡು ಜನ ಚಪ್ಪಾಳೆ ಹೊಡೆದರು. ನೀವು ಎದ್ದು ಜನರ ಕಡೆ ತಿರುಗಿ, “ತಪ್ಪು ನಂದರಿ. ಒಂದೀಟು ಹಿಂದಿನಿಂದ ಮತ್ತ ಹಿಡೀತೇವಿ” ಎಂದಿರಿ. ಮುಗಿಯಿತೆಂದುಕೊಂಡು ಜನ ಚಪ್ಪಾಳೆ ಹೊಡೆದರು.

ಆಮೇಲೆ ಅಂಗಳದಲ್ಲಿ ಶರೀಫಸಾಬರು, “ಏನ್ ಫರ್ಹತ, ಟ್ರಾಫಿಕ್ ಪೋಲೀಸನಂಗ ಕೈ ಎತ್ತಿ ಎಲ್ಲಾರ್ನೂ ನಿಲ್ಲಸಿದಿ, ಹಿಂದ ಮಿನಿಸ್ಟರ್ ಗಾಡಿ ಬರಾಕತ್ತಿತ್ತೇನ?” ಎಂದಾಗ ನೀವೇ ಎಲ್ಲರಿಗಿಂತ ಜೋರಾಗಿ ನಕ್ಕಿರಿ. ತಂಡದ ವ್ಯವಸ್ಥೆ ನೋಡುವ ಮುಷರಫ ಸಾಬರು ನಗಲಿಲ್ಲ. “ಒಬ್ಬರೇ ಎರಡು ಕೆಲಸ ಹಿಡಕೊಂಡ್ರ ಹಿಂಗ ಆಗೋದ್ರಿ ಮ್ಯಾಡಂ. ಮದಲಿಂದ ಹೇಳಾಕತ್ತೇನಿ ನಾ” ಎಂದರು. “ಹೌದ್ರಿ, ನಂದ ತಪ್ಪಾತು” ಎಂದಿರಿ ನೀವು. ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಮ್ಮ ಹಿಂದೆಯೇ ನಿಂತಿದ್ದೆ.

ಯಾಕೆ ಬಾಯಿ ಬಿಡಲಿಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಪ್ರತಿ ಸಣ್ಣ ಹುಡುಗಿಗೂ ಒಬ್ಬ ದೊಡ್ಡಕ್ಕ. ಸಂಜೆ ಹಾಜರಿಯಲ್ಲಿ ಇದು ಯಾರ ತಪ್ಪು ಎಂದರೆ ದೊಡ್ಡಕ್ಕ ‘ನಂದರಿ’ ಎಂದು ಮುಂದೆ ಬರುತ್ತಾಳೆ, ಸಣ್ಣವಳು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಡುವೆ ಮಾತಾಡಿದರೆ ಅಕ್ಕನಿಗೆ ಅವಮಾನ. ನಾನು ಅಡಿಗೆಮನೆಯ ನೀರು ತುಂಬುವ ಹರವಿ ಒಡೆದಾಗ ಉಮೆಸಲ್ಮಾ ಅಕ್ಕ ನನ್ನ ಬದಲು ಒಂದು ವಾರ ನೀರು ಹೊತ್ತಳು. ನೀವು ‘ತಪ್ಪು ನಂದರಿ’ ಎಂದ ಕ್ಷಣ ನನ್ನ ಬಾಯಿ ತಾನಾಗಿ ಮುಚ್ಚಿತು. ನೀವೂ ಅಲ್ಲಿಯೇ ಬೆಳೆದವರು, ನಿಮ್ಮ ಬಾಯಿಂದಲೂ ಆ ಮಾತು ತಾನಾಗಿಯೇ ಬಂದಿರಬೇಕು. ಆದರೆ ಇದು ಒಂದು ವಾರದ ನೀರಲ್ಲ ಅಕ್ಕೋರೆ. ಹನ್ನೊಂದು ವರ್ಷ ಕಾದು ನೀವು ಪಡೆದದ್ದು ಹೋಗುತ್ತಿದೆ.

ಒಂದು ವಾರದ ರಜೆಗೆ ಊರಿಗೆ ಬಂದಿದ್ದೇನೆ. ಮೊನ್ನೆ ಕಟ್ಟೆಯ ಮೇಲೆ ಕೂತು ಬರೆಯುವುದನ್ನು ನೋಡಿ ನಮ್ಮವ್ವ, “ಪರೀಕ್ಷಾ ಬರಿಯಾಕತ್ತಾಳ ನೋಡು, ಮಾರಿ ಹೆಂಗಾಗ್ಯಾದ” ಎಂದಳು. ಎಲ್ಲ ಹೇಳಿದೆ. ಆಡಿನ ಮರಿಗಳಿಗೆ ಸೊಪ್ಪು ಹಾಕುತ್ತಲೇ ಕೇಳಿ, “ತಿಂಗಳ ಮಟ ಹೊಟ್ಟ್ಯಾಗ ಇಟ್ಕೊಂಡು ಕುಂತಿದ್ದೇನ? ಹೇಳು ಹೋಗು” ಎಂದಳು. ಸುಗಲಮ್ಮನವರಿಂದ ನಂಬರ್ ತೆಗೆದುಕೊಂಡು, ನಾಲ್ಕು ಪುಟ ಬರೆದು, ಫೋಟೋ ಹಿಡಿದು ಮುಷರಫ ಸಾಬರಿಗೆ ಕಳಿಸಿದೆ. ಓದಲು ಬರುತ್ತದೆಂದು ಸುಳ್ಳು ಹೇಳಿದ್ದೂ ಅದರಲ್ಲಿದೆ.

ನಿನ್ನೆ ಅವರ ಉತ್ತರ ಬಂತು. ಶನಿವಾರ ಹನ್ನೊಂದಕ್ಕೆ ಸಮಿತಿಯ ಸಭೆಯಂತೆ, ಫೋನಿನಲ್ಲಿ ನನ್ನ ಬಾಯಿಂದಲೇ ಕೇಳುತ್ತಾರಂತೆ, ಇಂಗ್ಲಿಷ್ ಅಷ್ಟೇ ಬರುವವರೂ ಇರುತ್ತಾರಂತೆ. ಇಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ, ಶಹಾಪುರಕ್ಕೆ ಹೋಗುತ್ತೇನೆ. ಇಂಗ್ಲಿಷ್ ಎಲ್ಲಿ ಮುರಿಯುತ್ತದೋ ಅಲ್ಲಿಂದ ಕನ್ನಡದಲ್ಲಿ ಹೇಳುತ್ತೇನೆ, ಮುಷರಫ ಸಾಬರು ಅವರಿಗೆ ತಿಳಿಸಲಿ. ಅವರು ಮನಸ್ಸು ಬದಲಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಅಂಚೆಗೆ ಹಾಕಿದರೆ ಶನಿವಾರಕ್ಕೆ ಮುಟ್ಟದು, ಅದಕ್ಕೆ ಈ ಪತ್ರದ ಫೋಟೋವನ್ನು ಸುಗಲಮ್ಮನವರ ಮೂಲಕ ನಿಮಗೆ ಕಳಿಸುತ್ತಿದ್ದೇನೆ. ನಿಮ್ಮಲ್ಲಿ ಬೇಡುವುದು ಒಂದೇ. ನನ್ನ ಮಾತು ಮುಗಿದ ಮೇಲೆ ಅವರು ನಿಮ್ಮನ್ನು ಕೇಳುತ್ತಾರೆ, ಈ ಹುಡುಗಿ ಹೇಳಿದ್ದು ನಿಜವೇ ಎಂದು. ನನ್ನ ಮೇಲೆ ಕರುಣೆ ಬೇಡ, ಸಣ್ಣವಳು ಎನ್ನಬೇಡಿ. ನಿಜ ಎನ್ನಿ.

ನಿಮ್ಮ ಕೈಗಳು ಚೆನ್ನಾಗಿರಲಿ, ನಿಮ್ಮ ಕಿವಿಯಲ್ಲಿರುವುದೆಲ್ಲ ಹೊರಗೆ ಬರಲಿ ಎಂದು ಬೇಡಿಕೊಳ್ಳುತ್ತ,

ಪುಟ ತಪ್ಪಾಗಿ ತಿರುವಿದ
ಶಿವಲೀಲಾ