ಎರಡನೇ ಏಟು

ಮನೆಯ ಹಿಂದಿನ ಕೋಣೆಯಿಂದ,
ಹದಿನೆಂಟನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ನಿನ್ನ ಕೈ ಹೇಗಿದೆ? ಗಾಯ ಒಣಗುತ್ತಿದೆಯಾ, ಕೀವು ಕಟ್ಟಿದೆಯಾ? ಮಾವನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಒಂಬತ್ತು ದಿನದಿಂದ ಫೋನ್ ಒತ್ತಿ ಒತ್ತಿ ನನ್ನ ಹೆಬ್ಬೆರಳು ಸವೆದುಹೋಯಿತು, ನೀನು ಎತ್ತಲಿಲ್ಲ. ಕಾಗದವಾದರೆ ನಡುವೆ ಕತ್ತರಿಸೋಕಾಗಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪರೀಕ್ಷೆಯಲ್ಲಿ ನನಗೂ ಕೊರೋನಾ ಅಂತ ಬಂತು. ಗಾಬರಿಯಾಗಬೇಡ. ಎರಡು ದಿನ ಜ್ವರ, ಮೈಕೈ ನೋವು ಇತ್ತು. ಈಗ ಕೆಮ್ಮು ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಹೊರಡುವ ಮಾತೇ ಎತ್ತುತ್ತಿಲ್ಲ. ಹತ್ತು ದಿನ ಈ ಕೋಣೆಯ ಹೊಸ್ತಿಲು ದಾಟಬಾರದು ಅಂತ ಮೇಲಿನ ಮನೆ ನರ್ಸಮ್ಮನ ಅಪ್ಪಣೆಯಾಗಿದೆ. ತಲೆಯ ಹಿಂದಿನ ಹೊಲಿಗೆ ನಾಳಿದ್ದು ಬಿಚ್ಚುತ್ತಾರೆ.

ನಿಮ್ಮಪ್ಪ ಬದುಕಿದ್ದಾರೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಆದರೆ ಹೆತ್ತವಳ ಕೈ ಮೊದಲು ನಿನ್ನ ಕಡೆಗೇ ಹೋಯಿತು.

ಮಲಗಿಕೊಂಡು ಆ ವಾರವನ್ನೇ ಮಗುಚಿ ಮಗುಚಿ ನೋಡುತ್ತಿದ್ದೇನೆ. ಎಲ್ಲಾ ಕಣ್ಣೆದುರಿಗೇ ಇತ್ತು, ನಾವೇ ನೋಡಲಿಲ್ಲ. ಒಂದನೇ ತಾರೀಖು ಅವರಿಗೆ ಸಣ್ಣ ಜ್ವರ ಬಂತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋಕಾಗುತ್ತಾ ಅಂತ ನಕ್ಕು ಮುಂದಿನ ಅಂಗಡಿಯಲ್ಲಿ ಬೈಂಡಿಂಗಿಗೆ ಕೂತರು. ಗುರುವಾರದ ಹೊತ್ತಿಗೆ ಪಾತ್ರೆಯಲ್ಲಿದ್ದ ಹಿಟ್ಟಿನ ಅಂಟು ಕೊಳೆತು ಬೀದಿಗೆಲ್ಲ ನಾತ ಹೊಡೆಯುತ್ತಿತ್ತು, ಅವರು ಅದರಲ್ಲೇ ಬ್ರಷ್ ಅದ್ದಿ ಶಾಲೆಯ ಹಾಜರಿ ಪುಸ್ತಕಕ್ಕೆ ಬೆನ್ನು ಅಂಟಿಸುತ್ತಿದ್ದರು. ಅಂಟು ಹದಕ್ಕೆ ಬೆಂದಿದೆಯೋ ಇಲ್ಲವೋ ಅಂತ ಒಳಗಿನ ಕೋಣೆಯಿಂದಲೇ ಮೂಸಿ ಹೇಳುತ್ತಿದ್ದ ಮನುಷ್ಯ! ನೀನು ರೇಗಿದೆ, ನಾನು ವಯಸ್ಸಾಯಿತು ಬಿಡು ಅಂದೆ. ಭಾನುವಾರ ಉಸಿರು ಕಟ್ಟುತ್ತಿದೆಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂದರು. ಅದು ಸುಳ್ಳೂ ಅಲ್ಲ. ಒಳಗೆ ಉಸಿರು ಬತ್ತುತ್ತಿದ್ದರೂ ಕೆಲವರಿಗೆ ಏದುಸಿರೇ ಬರುವುದಿಲ್ಲವಂತೆ, ಈ ಕಾಯಿಲೆಯ ಮೋಸವೇ ಅದಂತೆ. ಮಂಗಳವಾರ ಬೆಳಿಗ್ಗೆ ಒಂದೇ ಪುಸ್ತಕದ ಹಾಳೆಗಳನ್ನು ನಾಲ್ಕು ಸಲ ಜೋಡಿಸಿ ನಾಲ್ಕು ಸಲವೂ ಕೆಡವಿದರು.

ಮಧ್ಯಾಹ್ನ ನಾನು ಊಟಕ್ಕೆ ಕರೆಯಲು ಬಂದಾಗ ನಿನ್ನನ್ನೇ ದುರುಗುಟ್ಟಿಕೊಂಡು ನಿಂತಿದ್ದರು. “ಇವನ್ಯಾರು? ನನ್ನ ಮಗನ ಅಂಗಿ ಹಾಕ್ಕೊಂಡು ಬಂದಿದ್ದಾನೆ” ಅಂದರು. ನೀನು ತಮಾಷೆ ಅಂದುಕೊಂಡು ನಕ್ಕೆ. ನಗು ಮುಗಿಯುವಷ್ಟರಲ್ಲಿ ಹೊಲಿಗೆಗೆ ತೂತು ಹಾಕುವ ದಬ್ಬಳ ನಿನ್ನ ಅಂಗೈ ತೂರಿ ಮೇಜಿಗೆ ನಾಟಿತು. ನೊಣ ಕೂತರೆ ಊದಿ ಓಡಿಸುವವರು, ನಿನ್ನ ಮೈಮೇಲೆ ಒಂದು ದಿನ ಕೈ ಮಾಡಿದವರಲ್ಲ. ನಾನು ಅಡ್ಡ ಬಂದೆ. ಜಡೆ ಸುತ್ತಿ ಹಿಡಿದು ನನ್ನ ತಲೆಯನ್ನು ಪುಸ್ತಕ ಒತ್ತುವ ಪ್ರೆಸ್ಸಿನ ಕಬ್ಬಿಣಕ್ಕೆ ಬಡಿದರು. ಮತ್ತೆ ಬಡಿದರು. ಮೂರನೇ ಸಲಕ್ಕೆ ಎಳೆದಾಗ ನೀನು ಕೈಯಿಂದ ದಬ್ಬಳ ಕಿತ್ತುಕೊಂಡೆ. ಪುಸ್ತಕದ ಮೇಲೆ ಹೇರುವ ಹಲಗೆ ತೆಗೆದು ಅವರ ಬಾಯಿಗೆ ಬೀಸಿದೆ. ಎರಡು ಹಲ್ಲು ಉದುರಿದವು, ಅವರೂ ಬಿದ್ದರು. ಬಿದ್ದವರಿಗೆ ಇನ್ನೊಂದು ಹೊಡೆದೆ.

ಆ ಎರಡನೇ ಏಟನ್ನು ನಾನು ನೋಡಿದೆ. ನಾನು ನೋಡಿದ್ದು ನಿನಗೆ ಗೊತ್ತಾಯಿತು. ಅದಕ್ಕೇ ಹಲಗೆ ಎಸೆದು, ಇನ್ನು ಈ ಮನೆಗೆ ನನ್ನ ಹೆಣವೂ ಬರಲ್ಲ ಅಂತ ಕೂಗಿ, ದಾರಿಯುದ್ದಕ್ಕೂ ರಕ್ತ ಚೆಲ್ಲಿಕೊಂಡು ಹೋದೆ. ಆಮೇಲೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ, ಕೇಳು.

ಗಲಾಟೆ ಕೇಳಿ ನರ್ಸಮ್ಮ ಇಳಿದುಬಂದಳು. ನನ್ನ ತಲೆಗೆ ಬಟ್ಟೆ ಒತ್ತುತ್ತಲೇ “ಅವರ ತುಟಿ ನೋಡಿ” ಅಂದಳು. ತುಟಿ ನೇರಳೆಗಟ್ಟಿತ್ತು. ಪೆಟ್ಟಿಗೆ ಹಾಗಾಗಿದೆ ಅಂದೆ. ಉಗುರೂ ನೇರಳೆಯಾಗಿತ್ತು. ಉಗುರಿಗೆ ಯಾರೂ ಹೊಡೆದಿರಲಿಲ್ಲ. ಅವಳು ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ತಂದು ನೋಡಿದರೆ, ತೊಂಬತ್ತೈದರ ಮೇಲಿರಬೇಕಾದ ಆಕ್ಸಿಜನ್ ಅರವತ್ತೆಂಟು ತೋರಿಸಿತು. ಅವರು ಎದ್ದು ಅವಳ ಹೊಟ್ಟೆಗೆ ಒದ್ದರು. ಆಂಬುಲೆನ್ಸಿನ ಡ್ರೈವರೂ ಇನ್ನೊಬ್ಬನೂ ಅವರನ್ನು ಹೊದಿಕೆಯಲ್ಲಿ ಸುತ್ತಿ ಹೊತ್ತರು. ಗಾಡಿಯಲ್ಲಿ ಆಕ್ಸಿಜನ್ ಮಾಸ್ಕನ್ನು ಮೂರು ಸಲ ಕಿತ್ತೆಸೆದರು, ಹಿಡಿಯಲು ಹೋದವನ ಮಣಿಕಟ್ಟು ಕಚ್ಚಿ ರಕ್ತ ಬರಿಸಿದರು. ಆಗ ನಾನು ಅವರ ಕೆನ್ನೆಗೆ ಬಾರಿಸಿದೆ. ಒಂದಲ್ಲ, ನಾಲ್ಕು. ಮೊದಲನೆಯದು ಮಾಸ್ಕ್ ಹಾಕಿಸೋಕೆ. ಉಳಿದ ಮೂರು ಯಾತಕ್ಕೆ ಅಂತ ನನ್ನನ್ನು ಯಾರೂ ಕೇಳಬೇಡಿ. ನಿನ್ನ ಎರಡನೆಯದು ಯಾತಕ್ಕೆ ಅಂತ ನಾನೂ ಕೇಳಲ್ಲ.

ಆಸ್ಪತ್ರೆಯಲ್ಲಿ ನಾಲ್ಕು ಜನ ಅದುಮಿ ಹಿಡಿದು ಮಂಚಕ್ಕೆ ಕೈ ಕಟ್ಟಿದರು. ಪ್ಲಾಸ್ಟಿಕ್ ಉಡುಪಿನೊಳಗಿದ್ದ ಡಾಕ್ಟರಮ್ಮ ನನ್ನ ತಲೆಗೆ ಹೊಲಿಗೆ ಹಾಕುತ್ತಾ, ಸಣ್ಣ ಹುಡುಗಿ ಪಾಪ, ನಿಧಾನವಾಗಿ ಹೇಳಿದಳು: “ಇದು ಸಿಟ್ಟಲ್ಲಮ್ಮ. ಆಕ್ಸಿಜನ್ ಸಾಲದೆ ಮೆದುಳಿಗೆ ದಿಕ್ಕು ತಪ್ಪಿದೆ. ಒಂದು ದಿನ ಮೊದಲು ಬೆರಳಿಗೆ ಹಾಕಿ ನೋಡಿದ್ರೆ ಇಷ್ಟಾಗ್ತಿರಲಿಲ್ಲ.” ಆ ಮಾತು ತಲೆಗೆ ಚುಚ್ಚಿದ ಸೂಜಿಗಿಂತ ಹೆಚ್ಚು ನೋಯಿಸಿತು. ಬೋರಲು ಮಲಗಿಸಿದರು, ಇಂಜೆಕ್ಷನ್ ಕೊಟ್ಟರು. ಎರಡು ದಿನ ಆಕಡೆಯೂ ಇಲ್ಲ, ಈಕಡೆಯೂ ಇಲ್ಲ. ಮೂರನೇ ದಿನ ಎಂಬತ್ತೊಂಬತ್ತಕ್ಕೆ ಬಂತು. ಕಣ್ಣು ಬಿಟ್ಟು, ನನ್ನ ಕೈ ಯಾಕೆ ಕಟ್ಟಿದ್ದೀರಿ ಅಂತ ಮರ್ಯಾದೆಯಿಂದ ಕೇಳಿದರಂತೆ. ಆವತ್ತೇ ಬಿಚ್ಚಿದರಂತೆ.

ನಿನ್ನೆ ಫೋನಿನಲ್ಲಿ ಮಾತಾಡಿಸಿದರು. ಒಂದೂ ನೆನಪಿಲ್ಲ ಅವರಿಗೆ. ಹಲ್ಲು ಎಲ್ಲಿ ಹೋಯಿತು ಅಂತ ಕೇಳಿದರು. ಬಿದ್ದಿರಿ ಅಂತ ಹೇಳಬೇಕು ಅಂತ ಬಾಯಿಗೆ ಬಂದಿತ್ತು, ಆದರೆ ಸುಳ್ಳಿಗೆ ಬೆನ್ನು ಅಂಟಿಸಿದರೆ ಎಷ್ಟು ದಿನ ನಿಲ್ಲುತ್ತೆ? ಇದ್ದದ್ದು ಇದ್ದ ಹಾಗೆ ಹೇಳಿದೆ. ದಬ್ಬಳ, ಜಡೆ, ಪ್ರೆಸ್ಸು, ಹಲಗೆ. ಎರಡನೇ ಏಟನ್ನೂ ಹೇಳಿದೆ, ನನ್ನ ನಾಲ್ಕನ್ನೂ ಹೇಳಿದೆ. ಆಮೇಲೆ, “ಅವನ ಬೆರಳು ಮಡಚೋಕೆ ಬರುತ್ತಾ?” ಅಂದರು. ಗೊತ್ತಿಲ್ಲ ಅಂದೆ. ಅತ್ತರು. ಅಳುವುದಕ್ಕೂ ಉಸಿರು ಬೇಕಲ್ಲ, ಕೆಮ್ಮು ಬಂದು ನಿಂತುಹೋಯಿತು.

ಎಲ್ಲಾ ಮರೆತುಬಿಡು ಅಂತ ನಾನು ಬರೆಯುವುದಿಲ್ಲ. ನಾನೇ ಮರೆತಿಲ್ಲ. ನರ್ಸಮ್ಮ ಬಾಗಿಲು ತಟ್ಟಿದರೂ ನನ್ನ ಕೈ ತಲೆಯ ಮೇಲೆ ಹೋಗುತ್ತದೆ. ಹೊಡೆದದ್ದು ಕಾಯಿಲೆ ಅಂತ ಬುದ್ಧಿಗೆ ತಿಳಿದಿದೆ, ಬುರುಡೆಗೆ ಇನ್ನೂ ತಿಳಿದಿಲ್ಲ. ಅವರು ಮನೆಗೆ ಬಂದ ಮೊದಲ ದಿನ ಪಕ್ಕದಲ್ಲಿ ಕೂರೋಕೆ ನನಗೂ ಧೈರ್ಯ ಬೇಕು. ನೀನಿದ್ದರೆ ಬರುತ್ತೆ.

ಅಜ್ಜಿಗೆ ನಮಸ್ಕಾರ ಹೇಳು, ಮಾವನಿಗೆ ನನ್ನ ನೆನಪು. ನೀನು ಬೇಡ ಅಂದರೂ ಬಿಡದ ಆಶೀರ್ವಾದಗಳೊಂದಿಗೆ,

ನಿನ್ನ ಅಮ್ಮ

ಮರೆತದ್ದಲ್ಲ, ಈಗ ತಿಳಿದದ್ದು: ಕಾಗದ ಮಡಚಿಟ್ಟ ಮೇಲೆ ಮಾವನ ವ್ಯಾನಿನವನು ಬಂದ. ಸಾಮಾನು ಕಿಟಕಿಯ ಹೊರಗಿಟ್ಟು ದೂರದಿಂದಲೇ ಹೇಳಿದ. ಮೂರು ದಿನದಿಂದ ನಿನಗೆ ಜ್ವರವಂತೆ, ಪರೀಕ್ಷೆಗೆ ಬರಲ್ಲ ಅಂದೆಯಂತೆ. ನನ್ನ ತಲೆಗೆ ಹೊಲಿಗೆ ಬಿದ್ದಿದೆ ಅಂತ ಮಾವ ಇದನ್ನು ನನ್ನಿಂದ ಮುಚ್ಚಿಟ್ಟಿದ್ದಾನೆ. ಇವತ್ತು ತಿಂಡಿ ತಂದ ಅಜ್ಜಿಯ ಮೇಲೆ ತಟ್ಟೆ ಬೀಸಿದೆಯಂತೆ. ಅಜ್ಜಿಯ ಎದುರು ದನಿ ಎತ್ತಿದವನಲ್ಲ ನೀನು. ಅದು ನಿನ್ನ ಸಿಟ್ಟೇ ಇರಬಹುದು, ಅಲ್ಲದೆಯೂ ಇರಬಹುದು. ಆ ಸಿಟ್ಟನ್ನು ನಂಬಬೇಡ. ನರ್ಸಮ್ಮ ನನಗೆ ಕೊಟ್ಟಿದ್ದ ಯಂತ್ರ ಒರೆಸಿ ಇದರ ಜೊತೆ ಇಟ್ಟಿದ್ದೇನೆ. ಗಾಯವಿಲ್ಲದ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಬೆರಳಿಗೆ ಹಾಕು, ಒಂದು ನಿಮಿಷ ಅಲ್ಲಾಡದೆ ಕೂರು. ತೊಂಬತ್ತನಾಲ್ಕಕ್ಕಿಂತ ಕೆಳಗಿದ್ದರೆ ಅದೇ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಡು. ಮೇಲಿದ್ದರೂ ಪರೀಕ್ಷೆ ಮಾಡಿಸು, ಅಜ್ಜಿಯನ್ನು ಹತ್ತಿರ ಬಿಟ್ಟುಕೊಳ್ಳಬೇಡ. ವ್ಯಾನಿನವನಿಗೂ ಹೇಳಿದ್ದೇನೆ: ಅವನು ಒಪ್ಪದಿದ್ದರೆ ಎತ್ತಿ ಹಾಕ್ಕೊಂಡು ಹೋಗು, ಹೊಡೆದರೆ ಹೊಡೆಸಿಕೋ, ತಿರುಗಿ ಹೊಡೆಯಬೇಡ ಅಂತ. “ಆಯ್ತಮ್ಮ, ಇನ್ನಿಬ್ಬರನ್ನ ಕರ್ಕೊಂಡು ಹೋಗ್ತೀನಿ” ಅಂದ. ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಕೊಡುತ್ತೇನೆ.