ಧೂಳಿನ ತಟ್ಟೆಯ ಹಿಂದೆ ಶಾಂತಕುಮಾರಿ

ತಿಪಟೂರು
18 ಫೆಬ್ರವರಿ 2025

ಸೌಭಾಗ್ಯವತಿ ಶಾಂತಕುಮಾರಿಗೆ ಶಂಭುಲಿಂಗಯ್ಯನ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ ಅಂತ ಶುರು ಮಾಡಬೇಕು. ಆದರೆ ನಾನೇ ತಿರುವಿದ ಮುದ್ದೆ ನಿನ್ನೆಯಿಂದ ಹೊಟ್ಟೆಯಲ್ಲೇ ಕೂತಿದೆ, ಸುಳ್ಳು ಬರೆಯಲಾರೆ. ನೀನು ಹುಳಿಯಾರಿಗೆ ನಿನ್ನ ತಮ್ಮ ದಯಾನಂದನ ಮನೆಗೆ ಹೋಗಿ ಹನ್ನೊಂದು ದಿನವಾಯಿತು. ಕಾಗದ ತಡವಾಗಿದ್ದಕ್ಕೆ ಕ್ಷಮಿಸು. ಮೊದಲ ನಾಲ್ಕು ದಿನ ನೀನೇ ಫೋನ್ ಮಾಡುತ್ತೀಯ ಅಂತ ಜಂಬದಲ್ಲಿ ಕೂತಿದ್ದೆ. ಆಮೇಲೆ ನಾನೇ ಮಾಡಿದರೆ ದಯಾನಂದ ಎತ್ತಿ, ಅಕ್ಕ ಪೂಜೆಗೆ ಕೂತಿದ್ದಾರೆ ಅಂದ. ಬೆಳಿಗ್ಗೆ ಎಂಟಕ್ಕೂ ಪೂಜೆ, ಮಧ್ಯಾಹ್ನ ಮೂರಕ್ಕೂ ಪೂಜೆ. ಮದುವೆಯಾದ ಮೂವತ್ತನಾಲ್ಕು ವರ್ಷದಲ್ಲಿ ನೀನು ಇಷ್ಟು ಹೊತ್ತು ಲಿಂಗದ ಮುಂದೆ ಕೂತಿದ್ದನ್ನು ನಾನು ಕಾಣೆ. ಅದಕ್ಕೇ ಈ ಕಾಗದ. ಬಂದ ಕಾಗದವನ್ನು ಒಡೆಯದೆ ಇಡುವ ಹೆಂಗಸು ನೀನಲ್ಲ.

ನಮ್ಮ ಮಂಡಿಯಲ್ಲಿ ಕೊಬ್ಬರಿ ಸುಲಿಯುವ ಕೆಂಚಯ್ಯ ದಿನಾ ಬೆಳಿಗ್ಗೆ, ಅಮ್ಮನವರು ಬಂದರಾ ಅಂತ ಕೇಳುತ್ತಾನೆ. ನಾಳೆ ಅನ್ನುತ್ತೇನೆ. ಮೊನ್ನೆಯಿಂದ ಅವನು ಕೇಳುವುದನ್ನೂ ಬಿಟ್ಟು ನನ್ನನ್ನೇ ನೋಡಿ ತಲೆ ಆಡಿಸುತ್ತಾನೆ. ಅದು ಇನ್ನೂ ಕಷ್ಟ.

ಮಗಳ ಸನ್ಮಾನದ ದಿನ ಏನಾಯಿತೆಂದು ನಿನಗೆ ಗೊತ್ತು. ಆದರೂ ನನ್ನ ಬಾಯಲ್ಲಿ ಒಂದು ಸಲ ಕೇಳು. ನಮ್ಮ ನಿಸರ್ಗ ಪುಣೆಯಲ್ಲಿ ಕೂತು, ಎಲ್ಲೋ ದೂರದ ಬೆಟ್ಟದ ದೊಡ್ಡ ದೂರದರ್ಶಕದಲ್ಲಿ ಒಂದು ಎಳೇ ನಕ್ಷತ್ರದ ಚಿತ್ರ ತೆಗೆದಳು, ಅವಳು ಓದಿದ ಹೈಸ್ಕೂಲಿನವರು ಕರೆದು ಹಾರ ಹಾಕುತ್ತೇವೆ ಅಂದರು, ಫ್ಲೆಕ್ಸ್ ನಂದು ಅಂತ ನಾನು ಎದೆ ತಟ್ಟಿಕೊಂಡೆ. ಫ್ಲೆಕ್ಸ್ ಅಂಗಡಿ ಜ್ಞಾನೇಶನಿಗೆ ಮೂರು ಪಟ ಕೊಟ್ಟೆ. ನೀನು ಮಗಳನ್ನು ಪುಣೆಯ ರೈಲು ಹತ್ತಿಸಿದ ದಿನ ಸ್ಟೇಷನ್ನಿನಲ್ಲಿ ನೀವಿಬ್ಬರೂ ನಿಂತ ಫೋಟೋ, ರೇಷ್ಮೆ ಶಲ್ಯ ಹೊದ್ದ ನನ್ನ ಫೋಟೋ, ಮತ್ತೆ ಆ ನಕ್ಷತ್ರದ ಸುತ್ತಲಿನ ಧೂಳಿನ ತಟ್ಟೆ. ಹನ್ನೆರಡು ಅಡಿ ಫ್ಲೆಕ್ಸಿನಲ್ಲಿ ಎಡಕ್ಕೆ ಮಗಳು, ಬಲಕ್ಕೆ ನಾನು, ನಡುವೆ ಸರಿಯಾಗಿ ನಿನ್ನ ಮುಖದ ಮೇಲೆ ಆ ಧೂಳಿನ ತಟ್ಟೆ. ಕೆಳಗೆ ನಿನ್ನ ಹಸಿರು ಸೀರೆ, ಮಗಳ ಹೆಗಲ ಮೇಲೆ ನಿನ್ನ ಕೈ. ಧೂಳಿನ ತಟ್ಟೆಗೇ ಸೀರೆ ಉಡಿಸಿದ ಹಾಗಿತ್ತು.

ಅದು ಸಾಲದು ಅಂತ, ತಟ್ಟೆಯ ಅಂಚಿನಲ್ಲಿದ್ದ ಒಂದು ಚುಕ್ಕೆಯನ್ನು ಜ್ಞಾನೇಶ ಕೊಳೆ ಅಂದುಕೊಂಡು ನೀಟಾಗಿ ಒರೆಸಿಬಿಟ್ಟಿದ್ದ. ಮಗಳು ನಾಲ್ಕು ವರ್ಷ ನಿದ್ದೆಗೆಟ್ಟದ್ದು ಆ ಚುಕ್ಕೆಗೇ. ಅದೇ ಗ್ರಹವಂತೆ, ಈಗಷ್ಟೇ ಹುಟ್ಟುತ್ತಿರುವುದಂತೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ತನ್ನ ಹಣೆಯ ಬೊಟ್ಟು ಕಿತ್ತು ಫ್ಲೆಕ್ಸಿನ ಮೇಲೆ ಆ ಜಾಗಕ್ಕೆ ಅಂಟಿಸಿ ಭಾಷಣ ಶುರು ಮಾಡಿದಳು. ನನಗೆ ಆಗ ಎಷ್ಟು ಹೆಮ್ಮೆಯಾಯಿತೆಂದರೆ, ಪಕ್ಕದಲ್ಲಿದ್ದ ಮುಖ್ಯೋಪಾಧ್ಯಾಯರ ತೊಡೆಗೆ ಬಾರಿಸಿದೆ.

ಸಭೆಯಲ್ಲಿ ಹಿಂದಿನ ಸಾಲಿನಿಂದ ನಮ್ಮ ಮರುಳಪ್ಪ ಎದ್ದು ನಿಂತಿದ್ದು ನೆನಪಿದೆಯಾ? ಐವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದ ಮನುಷ್ಯ, ಸುಮ್ಮನಿರುತ್ತಾನಾ. "ಅಲ್ಲ ಕಣವ್ವ, ನಾವು ಕಾಯಿ ಅಲ್ಲಾಡ್ಸಿ ಒಳಗೆ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟೈತೋ ಇಲ್ವೋ ಹೇಳ್ತೀವಿ. ನೀನು ಅಷ್ಟು ದೂರದ್ದ ಹೆಂಗೆ ಕಂಡೆ?" ಅಂದ. ಅವಳು ನಕ್ಕಳು. ತುಂಬಾ ಜನ ಗ್ರಹ ಹುಡುಕುವುದೂ ಹಾಗೇ ಅಂತೆ, ನಕ್ಷತ್ರ ಅಲ್ಲಾಡುವುದನ್ನು ನೋಡಿ ಪಕ್ಕದಲ್ಲಿ ಏನೋ ಇದೆ ಅಂತ ಹೇಳುವುದು. ಇವಳದು ಕಣ್ಣಾರೆ ಕಾಣುವ ದಾರಿ. ನಕ್ಷತ್ರದ ಬೆಳಕು ಕಣ್ಣು ಕುಕ್ಕುತ್ತದೆ, ಅದಕ್ಕೆ ದೂರದರ್ಶಕದ ಒಳಗೆ ಒಂದು ಸಣ್ಣ ಬಿಲ್ಲೆ ಅಡ್ಡ ಇಟ್ಟು ಅದನ್ನು ಮುಚ್ಚಿಬಿಡುತ್ತಾರೆ. ಆಗ ಪಕ್ಕದ ಮಂಕು ಧೂಳು ಕಾಣುತ್ತದೆ, ಧೂಳಿನ ನಡುವೆ ಇನ್ನೂ ಬಿಸಿ ಆರದ ಮರಿ ಗ್ರಹ ಕಾಣುತ್ತದೆ.

ನಾನು ಅಷ್ಟು ಕೇಳಿ ಸುಮ್ಮನಿರಬೇಕಿತ್ತು. ಮನೆಗೆ ಬಂದಾಗ ನೀನು ಸೀರೆ ಕೂಡ ಬದಲಾಯಿಸದೆ, ಫ್ಲೆಕ್ಸಿನಲ್ಲಿ ನನ್ನ ಮುಖ ಎಲ್ಲಿ ಹೋಯಿತು ಅಂತ ಕೇಳಿದೆ. ಜಾಗ ಸಾಲಲಿಲ್ಲ, ಜ್ಞಾನೇಶ ಎಡವಟ್ಟು ಮಾಡಿದ ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಮುದ್ದೆ ತಿನ್ನುವ ಪಾಡು ಬರುತ್ತಿರಲಿಲ್ಲ. ಹೊಸದಾಗಿ ಕಲಿತ ವಿದ್ಯೆ ಬಾಯಿ ತುದಿಯಲ್ಲಿತ್ತು. "ಹೊಳೆಯೋದನ್ನೇ ಕಣೇ ಮುಚ್ಚೋದು, ಮಗಳೇ ಹೇಳಿಲ್ವಾ. ಇದು ನಿಂಗೆ ಮರ್ಯಾದೆ" ಅಂದುಬಿಟ್ಟೆ.

ನೀನು ಗೋಡೆಯ ಮೊಳೆಯಿಂದ ಚೀಲ ತೆಗೆದುಕೊಂಡೆ. "ಸರಿ ಬುಡಿ. ಹೊಳೆಯೋಳ್ನ ಮುಚ್ಚಿ ನೀವೇ ಕಾಣ್ಕೊಂಡಿರಿ, ನಾ ಬತ್ತೀನಿ" ಅಂದು ಎರಡೂವರೆ ಬಸ್ಸಿಗೆ ಹೊರಟೇಬಿಟ್ಟೆ. ಮಗಳು ಎರಡು ದಿನ ಅಡುಗೆ ಮಾಡಿಟ್ಟು, ನನ್ನ ಜೊತೆ ನಾಲ್ಕು ಮಾತೂ ಆಡದೆ ಪುಣೆಗೆ ಹೋದಳು.

ಆ ಫ್ಲೆಕ್ಸನ್ನು ಇಳಿಸಿದ್ದೇನೆ. ಮರುಳಪ್ಪ ಅದನ್ನು ತನ್ನ ಹುಲ್ಲಿನ ಬಣವೆಗೆ ಹೊದಿಸಿದ್ದಾನೆ, ನನ್ನ ಮುಖ ಮೇಲಕ್ಕೆ ಬರುವ ಹಾಗೆ. ಕಾಗೆಗಳಿಗೆ ಅನುಕೂಲವಾಗಿದೆಯಂತೆ. ನೀನು ನೋಡಿದರೆ ನಗುತ್ತಿದ್ದೆ. ಶಾಂತಾ, ನೀನಿಲ್ಲದೆ ಮನೆಯೊಳಗೆ ಕಾಲಿಡಲು ಮನಸ್ಸಾಗುವುದಿಲ್ಲ. ಉಪ್ಪಿನಕಾಯಿ ಜಾಡಿ ಎಲ್ಲಿದೆ ಎಂದು ಕೇಳುವ ನೆಪದಲ್ಲಿ ಇದನ್ನು ಬರೆಯೋಣ ಅಂದುಕೊಂಡಿದ್ದೆ. ಜಾಡಿ ಸಿಕ್ಕಿದೆ. ಆದರೂ ಬರೆಯುತ್ತಿದ್ದೇನೆ.

ದಯಾನಂದನಿಗೂ ಅವನ ಮಕ್ಕಳಿಗೂ ನನ್ನ ಹರಕೆ. ನಿನಗೆ ಶಿವ ಒಳ್ಳೆಯದು ಮಾಡಲಿ, ಪೂಜೆ ಬೇಗ ಮುಗಿಸಲಿ.

ನಿನ್ನವ,
ಶಂಭುಲಿಂಗಯ್ಯ

ತಾ.ಕ.: ಜ್ಞಾನೇಶನನ್ನು ಬೈಯಬೇಡ. ಚುಕ್ಕೆ ಒರೆಸಿದ್ದು ಮಾತ್ರ ಅವನು. ಅಮ್ಮನವರ ಮುಖಕ್ಕೂ ಜಾಗ ಇದೆ ಅಂತ ಅವನು ಎರಡು ಸಲ ಹೇಳಿದ, ಮುಚ್ಚು ಅಂದವನು ನಾನು. ಹೆಣ್ಣುಮಗಳಿಗೆ ಅಷ್ಟು ದೂರದ ಓದು ಬೇಡ ಅಂತ ನಿನ್ನ ಮೇಲೆ ಕೂಗಾಡಿ, ಅವಳು ರೈಲು ಹತ್ತಿದ ದಿನ ನಾನು ಸ್ಟೇಷನ್ನಿಗೆ ಬರದೆ ಮಂಡಿಯಲ್ಲೇ ಕೂತಿದ್ದೆನಲ್ಲ. ಆ ಫೋಟೋದಲ್ಲಿ ನೀನು ನಗುತ್ತಿದ್ದೀಯ, ಕಣ್ಣು ಮಾತ್ರ ಅತ್ತು ಅತ್ತು ಊದಿಕೊಂಡಿವೆ. ಊರಿನವರು ಏನಂದುಕೊಳ್ಳುತ್ತಾರೋ ಅಂತಲ್ಲ ಶಾಂತಾ. ಆ ಕಣ್ಣುಗಳ ಕೆಳಗೆ ಕೂತು ಮಗಳ ಅಪ್ಪ ಅಂತ ಹಾರ ಹಾಕಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.